ಹದಿನೇಳನೇ ಕಲಂ

ಘಾಟ್ಕೋಪರಿನ ಆ ಮನೆ ನಮ್ಮ ಆರನೆಯದು. ಮುಂಬಯಿಯಲ್ಲಿ ಬಾಡಿಗೆಗೆ ಇರುವವರ ವರ್ಷಕ್ಕೆ ಹನ್ನೊಂದೇ ತಿಂಗಳು. ಕರಾರು ಅಷ್ಟಕ್ಕೇ ಆಗುವುದು. ಮುಗಿದರೆ ಹೊಸ ಕರಾರು, ಇಲ್ಲವೇ ಹೊಸ ಮನೆ. ಹಿಂದಿನ ಐದೂ ಮೆಟ್ಟಿಲು ಹತ್ತಿ ಹೋಗುವ ಮನೆಗಳು. ಇದು ನೆಲಮಹಡಿ. ಅಡುಗೆಮನೆಯ ಕಿಟಕಿ ನೇರ ಗಲ್ಲಿಗೆ ತೆರೆಯುತ್ತಿತ್ತು. ಅವ್ವ ಬೆಳಿಗ್ಗೆ ಒಲೆಯ ಮುಂದೆ ನಿಂತು ಜೋಳದ ರೊಟ್ಟಿ ಬಡಿದು ಆ ಕಿಟಕಿಯಿಂದಲೇ ಮಾರುತ್ತಿದ್ದಳು. ಅವಳ ಮೊಣಕಾಲು ಸವೆದಿತ್ತು. ಬೇರೆ ನೆಲಮಹಡಿ ಸಿಗುವುದು ಕಷ್ಟ, ಇಂಥ ಕಿಟಕಿ ಸಿಗುವುದಂತೂ ಸುಳ್ಳು. ಅಪ್ಪ ಕಟ್ಟಡದ ಕೆಲಸಕ್ಕೆಂದು ತಿಂಗಳುಗಟ್ಟಲೆ ಹೊರಗಿರುವುದರಿಂದ ಕರಾರು ಅವಳ ಹೆಸರಿನಲ್ಲೇ ಇತ್ತು.

ನಾನಾಗ ವಿಲೆ ಪಾರ್ಲೆಯ ಕಾಲೇಜಿನಲ್ಲಿ ಎರಡನೇ ವರ್ಷದ ಕಾನೂನು ಓದುತ್ತಿದ್ದೆ. ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಕಪ್ಪುಗಳು ಮೂರು ಮನೆಗಳಿಂದ ಒಂದೇ ಗೋಣಿಚೀಲದಲ್ಲಿ ಬಿಚ್ಚದೆ ಬಿದ್ದಿದ್ದವು. ಆ ವರ್ಷ ಕಾನೂನಿನ ಇಂಗ್ಲಿಷ್ ಎಂಬ ಪಾಠದಲ್ಲಿ ಬಾಡಿಗೆ ಕರಾರುಗಳ ಭಾಷೆ ಬಂತು. ಮನೆಗೆ ಬಂದು ನಮ್ಮ ಕರಾರನ್ನು ತೆಗೆದು ನೋಡಿದೆ. ನಾವು ಬಾಡಿಗೆದಾರರೇ ಅಲ್ಲವಂತೆ! ನಾವು ಲೈಸೆನ್ಸಿಗಳು. ಸಿನಿಮಾ ಟಿಕೆಟು ಕೊಂಡವನಿಗೆ ಕುರ್ಚಿಯ ಮೇಲೆ ಎಷ್ಟು ಹಕ್ಕಿದೆಯೋ ಹೆಚ್ಚುಕಡಿಮೆ ಅಷ್ಟೇ ನಮಗೆ ಮನೆಯ ಮೇಲೆ. ಆದರೆ ಪುಸ್ತಕದಲ್ಲಿ ಬೇರೊಂದು ಮಾತಿತ್ತು: ಕಾಗದದ ತಲೆಯ ಮೇಲೆ ಏನು ಹೆಸರಿದ್ದರೇನು, ಮನೆಯ ಬೀಗದ ಕೈ ನಿಮ್ಮದೊಬ್ಬರ ಬಳಿಯೇ ಇದ್ದರೆ ಅದು ನಿಜಕ್ಕೂ ಬಾಡಿಗೆಯೇ, ನೀವು ಟೆನೆಂಟೇ. ಈ ವಾದ ನನಗೆ ತುಂಬ ಹಿಡಿಸಿತು. ವಾದ ಹಿಡಿಸಿದರೆ ಮುಂದಿನ ಪುಟ ಓದದೆ ಪುಸ್ತಕ ಮುಚ್ಚುವುದು ನನ್ನಂಥವರ ಚಾಳಿ.

ಆ ಮಳೆಗಾಲ ಬಚ್ಚಲಿನ ಗೋಡೆಯಿಂದ ನೀರು ಜಿನುಗಿ ಅಡುಗೆಮನೆಯ ಹಿಟ್ಟಿನ ಡಬ್ಬಿಯವರೆಗೆ ಬಂತು. ಏಜೆಂಟರಿಗೆ ನಾಲ್ಕು ಸಲ ಫೋನು ಮಾಡಿದೆವು. ಅವರು ಉಡುಪಿ ಕಡೆಯವರು, ಹಿಂದೆ ಗ್ರಾಂಟ್ ರೋಡಿನ ಹೋಟೆಲೊಂದರ ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದವರು. "ಹೇಳ್ತೇನೆ, ಹೇಳ್ತೇನೆ" ಎಂದಷ್ಟೇ ಹೇಳಿದರು. ಐದನೆಯ ಸಲ ನಾನು ಫೋನು ಮಾಡಲಿಲ್ಲ. ಮನೆಯೊಡತಿಗೆ ಎರಡು ಪುಟದ ಇಂಗ್ಲಿಷ್ ಪತ್ರ ಬರೆದೆ. ಕರಾರಿನ ಹೆಸರು ಲೈಸೆನ್ಸ್ ಎಂದಿದ್ದರೂ ಸಾರದಲ್ಲಿ ಇದು ಬಾಡಿಗೆ. ಟೆನೆಂಟರಾಗಿ ನಮ್ಮ ಹಕ್ಕುಗಳು ಇಂತಿಂಥವು. ಗೋಡೆ ರಿಪೇರಿ ಅವುಗಳಲ್ಲೊಂದು. ಕೊನೆಗೆ ಅವ್ವನ ಸಹಿ ಹಾಕಿಸಿದೆ. ಏನು ಬರೆದಿದ್ದೇನೆಂದು ಅವಳು ಕೇಳಲಿಲ್ಲ. ನನ್ನ ಓದಿನ ಮೇಲೆ ಅವಳಿಗೆ ಅಷ್ಟು ನಂಬಿಕೆ.

ಮೂರನೆಯ ದಿನ ಏಜೆಂಟರು ಬಂದರು. ಚಪ್ಪಲಿಯನ್ನೂ ಬಿಡಲಿಲ್ಲ.

"ಎಂತ ಮಾರಾಯ್ತಿ, ಗೋಡೆ ಒದ್ದೆ ಅಂತ ಹೇಳ್ಲಿಕ್ಕೆ ಎರಡು ಪುಟ ಯಾಕೆ?"

"ಕಾನೂನಿನಲ್ಲಿರೋದನ್ನೇ ಬರ್ದಿದೀನಿ ಅಂಕಲ್."

"ಕಾನೂನು ನಿನ್ನ ಪುಸ್ತಕದಲ್ಲಿ ಉಂಟು. ಆ ಓನರ್ ಅಜ್ಜಿಗೆ ಬಿಪಿ ಉಂಟು. ಟೆನೆಂಟ್ ಅಂತ ಕೇಳಿದ ಕೂಡ್ಲೇ ನಂಗೆ ಫೋನು ಮಾಡಿದ್ರು, ಗೊತ್ತುಂಟಾ? ಅವರ ಮಾವ ಒಂದು ರೂಮು ಯಾರಿಗೋ ನಾಲ್ಕು ದಿನಕ್ಕೆ ಅಂತ ಕೊಟ್ಟದ್ದು. ಆ ಬಂದವರ ಮೊಮ್ಮಕ್ಕಳು ಟೆನೆಂಟ್ ಅಂತ ಹೇಳಿಕೊಂಡು ಈಗಲೂ ಅಲ್ಲೇ ಇದ್ದಾರೆ! ರಿನ್ಯೂ ಮಾಡುದಿಲ್ಲ ಅಂತ ಹೇಳಿದ್ರು. ಮುಂದಿನ ತಿಂಗಳ ಕೊನೆಗೆ ಖಾಲಿ."

ಅವರು ಹೋದ ಮೇಲೆ ಅವ್ವ ಕೈಗೆ ಅಂಟಿದ ಹಿಟ್ಟನ್ನು ಉಜ್ಜಿಕೊಳ್ಳುತ್ತ ಕೇಳಿದಳು: "ಗ್ವಾಡಿ ಹಸಿ ಆಗೈತಿ ಅಂತ ಹೇಳಾಕ ಹೋಗಿ ಮನಿ ನಮ್ದ ಅಂದಿಯೇನ?"

"ನಮ್ದು ಅಂತ ಹೇಳಿಲ್ಲ ಅವ್ವ. ಟೆನೆಂಟ್ ಅಂತ ಹೇಳೀನಿ."

"ಅಕಿಗೆ ಎರಡೂ ಒಂದ."

ಮರುದಿನ ಕಾಲೇಜಿನಲ್ಲಿ ಆ ಪಾಠ ಮಾಡುವ ಮೇಡಂಗೆ ಪತ್ರ ತೋರಿಸಿದೆ. ಅವರು ಓದಿ ನಕ್ಕರು. ಅದರಲ್ಲಿ ಕುಹಕವೇನೂ ಇರಲಿಲ್ಲ. ಆ ವಾದ ಹುಟ್ಟಿದ್ದು ಬೇರೆ ದೇಶದಲ್ಲಿ ಎಂದರು. ನಮ್ಮ ರಾಜ್ಯದ ಕಾನೂನಿನಲ್ಲಿ ಇಂಥ ಲಿಖಿತ ಕರಾರಿಗೆ ಸಹಿ ಹಾಕಿದ ಮೇಲೆ ಕಾಗದ ಹೇಳಿದ್ದೇ ಕೊನೆಯ ಮಾತು; ಅವಧಿ ಮುಗಿದ ಮೇಲೂ ಕೂತರೆ ದಂಡ ಬೇರೆ. "ನಿನ್ನ ಭಾಷೆ ಮಾತ್ರ ಚೆನ್ನಾಗಿದೆ" ಎಂದು ಪತ್ರ ಮಡಚಿ ಕೊಟ್ಟರು. ಸ್ಪರ್ಧೆಯಲ್ಲಿ ಸೋತವರಿಗೆ ಸಮಾಧಾನಕರ ಬಹುಮಾನ ಎಂದು ಒಂದು ಪೆನ್ನು ಕೊಡುವುದಿದೆ. ಅದು ನನಗೆ ಬಂದದ್ದು ಅದೇ ಮೊದಲು.

ಎರಡು ವಾರ ಮನೆ ಹುಡುಕಿದೆವು. ಅವ್ವ ಮೂರನೇ ಮಹಡಿಯ ಮನೆಯೊಂದನ್ನು ನೋಡಲು ಮೊದಲ ಮಹಡಿಯವರೆಗೆ ಹತ್ತಿ, ಮೆಟ್ಟಿಲ ಮೇಲೇ ಕೂತು, "ಇಲ್ಲಿಂದನ ಚೊಲೊ ಕಾಣತೈತಿ, ನಡಿ" ಎಂದಳು. ಆ ಸಂಜೆ ಅವಳೇ ಹೇಳಿದಳು: "ನಡಿ, ಅಜ್ಜಿ ಕಾಲಿಗೆ ಬೀಳೂಣು."

"ಕಾಲಿಗೆ ಯಾಕೆ? ಮಾತಾಡೋಣ."

"ನೀ ಮಾತಾಡಿದ್ದು ಸಾಕು."

ಮನೆಯೊಡತಿ ಎರಡು ಗಲ್ಲಿ ಆಚೆ ಇದ್ದರು. ನಾನು ತಿಳಿದಷ್ಟು ಗಟ್ಟಿ ಹೆಂಗಸಲ್ಲ, ಬಡಕಲು ಮುದುಕಿ. ಕಾಲಿಗೆ ಬೀಳಲು ಬಾಗಿದ ಅವ್ವನನ್ನು ತಡೆದು ಕುರ್ಚಿಯ ಮೇಲೆ ಕೂರಿಸಿದರು. ನನ್ನತ್ತ ತಿರುಗಿ ಹಿಂದಿಯಲ್ಲಿ ಹೇಳಿದರು: "ಬೇಟಾ, ನಿನ್ನ ಪತ್ರವನ್ನು ಮಗನಿಂದ ಓದಿಸಿದೆ. ಎರಡು ದಿನ ಊಟ ಸೇರಲಿಲ್ಲ. ಈಗ ಅದೇ ಇಂಗ್ಲಿಷಿನಲ್ಲಿ ಹೊಸ ಕರಾರಿಗೆ ಒಂದು ಕಲಂ ಬರೆ. ನಿಮ್ಮವರು ಯಾರೂ ಎಂದೂ ಆ ಟೆನೆಂಟ್ ಎಂಬ ಮಾತು ಎತ್ತಬಾರದು. ನಿನ್ನಂಥ ಹತ್ತು ವಕೀಲರು ಬಂದರೂ ಅದರಲ್ಲಿ ತೂತು ಸಿಗಬಾರದು. ಬರೆದರೆ ಇನ್ನೊಂದು ಹನ್ನೊಂದು ತಿಂಗಳು ಇರಿ."

ಅವ್ವ ನನ್ನ ಮುಖವನ್ನೇ ನೋಡುತ್ತಿದ್ದಳು. ಬರೆದು ತರುತ್ತೇನೆ ಎಂದೆ.

ಕರಾರಿನಲ್ಲಿ ಹದಿನಾರು ಕಲಮುಗಳಿದ್ದವು. ಭಾನುವಾರವಿಡೀ ಕೂತು ಹದಿನೇಳನೆಯದನ್ನು ಬರೆದೆ. ಎದುರುಪಕ್ಷ ಎಲ್ಲಿಂದ ಬರಬಹುದೆಂದು ಊಹಿಸಿ ಅಲ್ಲಲ್ಲಿ ಬಾಗಿಲು ಹಾಕುವುದು ನಾನು ಕಲಿತ ವಿದ್ಯೆಯೇ. ಈ ಸಲ ಎದುರುಪಕ್ಷ ನಾವಾಗಿದ್ದೆವು. ‘ನಾಟ್‌ವಿತ್‌ಸ್ಟ್ಯಾಂಡಿಂಗ್’ ಎಂದು ಶುರುಮಾಡಿದೆ. ಬೇರೆಲ್ಲಿ ಏನೇ ಬರೆದಿರಲಿ, ಇದರ ಮುಂದೆ ನಡೆಯದು ಎಂದರ್ಥ. ಬೀಗದ ಕೈ ನಮ್ಮಲ್ಲಿದ್ದರೂ ಸ್ವಾಧೀನ ಅವರದೇ. ಎಷ್ಟು ವರ್ಷ ಇದ್ದರೂ ಹಕ್ಕು ಹುಟ್ಟದು. ಹಿಂದೆ ಬೇರೇನೇ ಬರೆದಿದ್ದರೂ ಅದು ತಪ್ಪು ತಿಳುವಳಿಕೆಯದು. ಹನ್ನೆರಡು ಸಾಲು, ಒಂದೇ ವಾಕ್ಯ. ನಾನು ಬರೆದದ್ದರಲ್ಲಿ ಅದರಷ್ಟು ಭದ್ರವಾದದ್ದು ಇಂದಿಗೂ ಬೇರೊಂದಿಲ್ಲ.

ಅವ್ವ ಸಹಿ ಹಾಕಿದಳು. ಏಜೆಂಟರು ಕಲಮನ್ನು ಎರಡು ಸಲ ಓದಿ, "ಭಾರೀ ಉಂಟು! ಇದರ ಫೈಲು ನಂಗೆ ಕಳಿಸು" ಎಂದರು. ಆ ಹೊತ್ತಿಗೆ ನನಗೆ ಯಾವುದಕ್ಕೂ ಇಲ್ಲ ಎನ್ನುವ ಚೈತನ್ಯ ಇರಲಿಲ್ಲ. ಕಳಿಸಿದೆ. ಗೋಡೆಗೆ ರಜೆಯಲ್ಲಿ ಬಂದಿದ್ದ ಅಪ್ಪನೇ ಸಿಮೆಂಟು ಮೆತ್ತಿದ.

ಮೂರು ತಿಂಗಳಾದ ಮೇಲೆ ಪಕ್ಕದ ಬಿಲ್ಡಿಂಗಿಗೆ ಬರಲಿದ್ದ ವಿಜಯಪುರದ ಕಡೆಯ ಹೆಂಗಸೊಬ್ಬಳು ಕಾಗದದ ಕಟ್ಟು ಹಿಡಿದು ಬಂದಳು. ಆ ಮನೆಯ ಮಾಲೀಕರು ಬೇರೆ, ಏಜೆಂಟರು ಮಾತ್ರ ಅವರೇ.

"ತಂಗಿ, ನೀ ವಕೀಲಕಿ ಕಲಿಯಾಕತ್ತೀಯಂತಲ್ಲ, ಇದರಾಗ ಏನೈತಿ ಓದಿ ಹೇಳವ್ವ."

ನಾಲ್ಕನೆಯ ಪುಟದಲ್ಲಿ ನನ್ನ ಹನ್ನೆರಡು ಸಾಲು ಇದ್ದವು. ಒಂದು ಅಲ್ಪವಿರಾಮವೂ ಬದಲಾಗಿರಲಿಲ್ಲ. ಅವಳ ಬೆರಳು ಸರಿಯಾಗಿ ಅಲ್ಲೇ ಬಂದು ನಿಂತಿತು. "ಇದೇನ ಇಷ್ಟ ಉದ್ದಕ?"

"ಅವರು ಹೋಗ್ರಿ ಅಂದಾಗ ಹೋಗಬೇಕು ಅಂತ."

"ಅಷ್ಟನ? ಅದು ಗೊತ್ತಿದ್ದದ್ದ ಐತಲ್ಲ. ಅದಕ್ಕ ಇಷ್ಟ ಬರದಾರ? ಯಾರರ ಕೆಲಸ ಇಲ್ಲದಾರ ಕುಂತ ಬರದಿರಬೇಕು."

ಅದನ್ನು ಅಳಿಸಿಕೊಡಿ ಎಂದು ಕೇಳಿದರೆ ಆಕೆಗೆ ಆ ಮನೆ ಸಿಗುತ್ತಿರಲಿಲ್ಲ. ಪುಟ ತಿರುವಿ, ಸಹಿ ಎಲ್ಲಿ ಹಾಕಬೇಕೆಂದು ತೋರಿಸಿದೆ.