ಸರ್ವಿಸ್ ಎಷ್ಟು ಉಳಿದಿತ್ತು?

ಮೊದಲೇ ಹೇಳಿಬಿಡುತ್ತೇನೆ, ಇಲ್ಲಿನ ಕೆಲವು ವಿವರಗಳು ತಪ್ಪಿರಬಹುದು. ಹೈಸ್ಕೂಲಿನಿಂದಲೂ ದಿನಚರಿ ಬರೆಯುವ ಚಟ ನನಗೆ. ಆದರೆ ಬೇಕಾದ ದಿನ ಬೇಕಾದದ್ದನ್ನು ಬರೆದಿಟ್ಟವಳಲ್ಲ. ಶಂಕ್ರಪ್ಪ ಕಾಕಾ ನನ್ನಿಂದ ಆ ಕಾಗದ ಓದಿಸಿದ ತಿಂಗಳ ಪುಟಗಳನ್ನು ತಿರುವಿದರೆ, 'ಲಿಂಗಂಪಲ್ಲಿ ಟ್ರೇನು ತಡ. ಕಾಕು ಮಾಡಿದ ಅವಲಕ್ಕಿ ಚೆನ್ನಾಗಿತ್ತು' ಎಂದಿದೆ. ಕಾಗದದ ಸುದ್ದಿಯೇ ಇಲ್ಲ. ಅವಲಕ್ಕಿಗೆ ಒಂದು ಸಾಲು ಕೊಟ್ಟ ಈ ಕೈಯನ್ನು ನೀವು ಎಷ್ಟು ನಂಬುತ್ತೀರೋ ಅಷ್ಟೇ ನಾನೂ ನಂಬುತ್ತೇನೆ.

ಇದೆಲ್ಲ ಈಗ ಎದ್ದದ್ದು ಒಬ್ಬ ಸರ್ವೆ ಹುಡುಗಿಯಿಂದ. ಕಳೆದ ಮಂಗಳವಾರ ತಾರ್ನಾಕದ ನಮ್ಮ ಬಾಡಿಗೆ ಮನೆಯ ಬಾಗಿಲಿಗೆ ಬಂದು, ಕೈಯಲ್ಲಿದ್ದ ಟ್ಯಾಬ್ ನೋಡುತ್ತಾ, ಕಳೆದ ಏಳು ದಿನಗಳಲ್ಲಿ ನೀವು ಒಂದು ಗಂಟೆಯಾದರೂ ಸಂಪಾದನೆಯ ಕೆಲಸ ಮಾಡಿದ್ದೀರಾ ಎಂದು ಕೇಳಿದಳು. ನಾನು ಕಾಲೇಜೊಂದರಲ್ಲಿ ಪಾಠಕ್ಕಿಷ್ಟು ಎಂಬ ಲೆಕ್ಕದಲ್ಲಿ ಅರ್ಥಶಾಸ್ತ್ರ ಹೇಳಿಕೊಡುವವಳು. ಕಾಲೇಜಿಗೆ ರಜೆ. ಹಾಗಾಗಿ ಆ ವಾರದ ಮಟ್ಟಿಗೆ ನಾನು ನಿರುದ್ಯೋಗಿ. ಉದ್ಯೋಗದ ವ್ಯಾಖ್ಯೆಯನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುವವಳು ಅದರ ಹೊರಗೆ ನಿಂತಿದ್ದೇನಲ್ಲ ಎಂದು ನಗು ಬಂತು. ಮುಂದಿನ ಪ್ರಶ್ನೆಗೆ ನಗು ನಿಂತಿತು. 'ಬರುವ ವರ್ಷ ಈ ಮನೆಯಲ್ಲಿ ಎಷ್ಟು ಜನರಿಗೆ ಕಾಯಂ ನೌಕರಿ ಇರುತ್ತದೆ ಎಂದು ನಿಮ್ಮ ನಿರೀಕ್ಷೆ?' ಇದೇ ಪ್ರಶ್ನೆಯನ್ನು ನಾನೂ ಒಬ್ಬರಿಗೆ ಕೇಳಿದ್ದೆ, ಎಂಟೋ ಒಂಬತ್ತೋ ವರ್ಷದ ಹಿಂದೆ.

ಆಗ ನಾನು ಎಂ.ಎ. ಕೊನೆಯ ವರ್ಷದಲ್ಲಿದ್ದೆ. ತಾರ್ನಾಕದ ಹಾಸ್ಟೆಲ್ಲಿನಲ್ಲಿ ವಾಸ, ಶನಿವಾರ ಭಾನುವಾರ ಲಿಂಗಂಪಲ್ಲಿಯ ಕಡೆ ಕಾಕಾನ ಮನೆಯಲ್ಲಿ, ಅವರ ಹೆಂಡತಿ ಕಾಕುವಿನ ಕೈಯಡುಗೆಯ ಊಟ. ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ಇಪ್ಪತ್ತೆರಡರ ವಯಸ್ಸಿಗೆ ವಿಜಯಪುರದಿಂದ ಈ ತೆಲುಗು ಊರಿಗೆ ಬಂದು ಕೇಂದ್ರ ಸರ್ಕಾರದ ಒಂದು ಕಾರ್ಖಾನೆ ಸೇರಿದವರು, ಅದರ ಕ್ವಾರ್ಟರ್ಸಿನಲ್ಲೇ ಬಾಳಿದವರು. ಸಮೀಕ್ಷೆಯೊಂದನ್ನು ಮಾಡಿ ಪ್ರಬಂಧ ಬರೆಯಬೇಕಿತ್ತು. ಹೊಸ ಊರು ಹುಡುಕುವಷ್ಟು ಹುರುಪಿಲ್ಲದೆ ಕಾಕಾನ ಕಾಲೊನಿಯನ್ನೇ ಆರಿಸಿಕೊಂಡೆ. ವಿಷಯ, ಅಲ್ಲಿನ ಕುಟುಂಬಗಳ ಉದ್ಯೋಗ ಮತ್ತು ಆದಾಯದ ಪ್ರವೃತ್ತಿಗಳು. ಶೀರ್ಷಿಕೆ ಕೇಳಿ ಕಾಕಾ, "ಪ್ರವೃತ್ತಿ ಅಂದ್ರ? ಏರಾಕತ್ತಿದ್ದು, ಇಳಿಯಾಕತ್ತಿದ್ದು ಅಂತಲ್ಲ? ಅದಕ್ಕ ಇಷ್ಟು ಫಾರ್ಮ್ ಯಾಕ? ನಮ್ಮ ಕ್ಯಾಂಟೀನಿಗೆ ಬಾ, ತೋರಿಸ್ತೀನಿ" ಎಂದಿದ್ದರು.

ಅವರು ಹೇಳಿದ್ದು ಸರಿಯಾಗಿತ್ತು. ಆ ಕ್ಯಾಂಟೀನಿನಲ್ಲಿ ಎರಡು ಸಾಲು. ಕಾಯಂ ನೌಕರರದು ಒಂದು, ಗುತ್ತಿಗೆಯವರದು ಇನ್ನೊಂದು. ಮೊದಲ ಸಾಲಿನಲ್ಲಿ ಕಾಕಾ, ಎರಡನೆಯದರಲ್ಲಿ ಅವರ ಮಗ ಮಹಾಂತೇಶ. ಇಬ್ಬರದೂ ಒಂದೇ ಶೆಡ್ಡು, ಅಕ್ಕಪಕ್ಕದ ಯಂತ್ರ. ಮಗನಿಗೆ ಕೆಲಸ ಕಲಿಸಿದ್ದು ಅಪ್ಪನೇ. ಅಪ್ಪನ ಪಗಾರದ ಮೂರನೇ ಒಂದು ಪಾಲೂ ಮಗನಿಗೆ ಇರಲಿಲ್ಲ, ಮೂರು ತಿಂಗಳಿಗೊಮ್ಮೆ ಅವನ ಗೇಟ್ ಪಾಸು ಹೊಸದಾಗಬೇಕಿತ್ತು. ಮಹಾಂತೇಶ ಇದನ್ನು ತಮಾಷೆ ಮಾಡಿ ಹೇಳುತ್ತಿದ್ದ. "ಅಕ್ಕಾ, ಅಪ್ಪ ಅನ್ನಕ್ಕ ತುಪ್ಪ ಹಾಕಿಸ್ಕೊಂಡು ದೂರದಿಂದ ನನ್ನ ಕಡೆ ನೋಡ್ತಾನ. ನಾ ಅವನಿಗೆ ನಮಸ್ಕಾರ ಸಾಹೇಬ್ರ ಅಂತೀನಿ." ಕಾಕು ನಗುತ್ತಿರಲಿಲ್ಲ. "ಇಬ್ಬರೂ ಮನಿಗೆ ಬಂದು ಒಂದ ಪರಾತದಾಗ ಉಣ್ರಿ ಮತ್ತ" ಎಂದು ರೊಟ್ಟಿ ತಟ್ಟುತ್ತಿದ್ದರು.

ಕಾಲೊನಿಯ ಒಂದು ರೂಢಿಯನ್ನು ಇಲ್ಲಿ ಹೇಳಬೇಕು. ಯಾರ ಮನೆಯಲ್ಲಾದರೂ ಸಾವಾದರೆ, ಅಂಗಳದಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗುವ ಮೊದಲೇ ಜನ ತಗ್ಗಿದ ದನಿಯಲ್ಲಿ ಕೇಳುವ ಪ್ರಶ್ನೆ, 'ಸರ್ವಿಸ್ ಎಷ್ಟು ಉಳಿದಿತ್ತು?' ತೆಲುಗಿನವರು ತೆಲುಗಿನಲ್ಲಿ, ನಮ್ಮವರು ಕನ್ನಡದಲ್ಲಿ. ಸತ್ತವನು ಸೇವೆಯಲ್ಲಿದ್ದರೆ ಹೆಂಡತಿಗೋ ಮಗನಿಗೋ ಕಾಯಂ ನೌಕರಿ ಸಿಗುತ್ತದೆ. ನಿವೃತ್ತನಾಗಿ ಮರುದಿನ ಸತ್ತರೂ ಸಿಗದು. ಉಳಿದಿತ್ತು ಎಂಬ ಉತ್ತರ ಬಂದಾಗ ಕೇಳಿದವರ ಮುಖದಲ್ಲಿ ಒಂದು ಸಡಿಲಿಕೆ ಕಾಣುತ್ತಿತ್ತು. ಪಕ್ಕದ ಸಾಲುಮನೆಯ ಯಾದಗಿರಿ, ನಿವೃತ್ತಿಗೆ ಕೆಲವೇ ತಿಂಗಳು ಇರುವಾಗ, ತೀರಿಕೊಂಡ ದಿನ ನಾನೂ ಕಾಕಾನ ಜೊತೆ ಹೋಗಿದ್ದೆ. ವಾಪಸು ಬರುವಾಗ ಕಾಕಾ, "ಶಾಣ್ಯಾ ಮನಷಾ. ಟೈಮಿಗೆ ಸರಿಯಾಗಿ ಹೋದ" ಎಂದರು. ನಾನು ಅದನ್ನು ಕಾಲೊನಿಯ ಹಾಸ್ಯವೆಂದುಕೊಂಡೆ. ಪ್ರಬಂಧದ ಅಡಿಟಿಪ್ಪಣಿಗೆ ಚೆನ್ನಾಗಿದೆ ಎಂದೂ ಅನ್ನಿಸಿತ್ತು, ಸುಳ್ಳು ಯಾಕೆ ಹೇಳಲಿ.

ಕಾಕಾನ ನಿವೃತ್ತಿಗೆ ಆಗ ಒಂದು ವರ್ಷವೂ ಉಳಿದಿರಲಿಲ್ಲ. ಅವರ ಮನೆಯ ಫಾರ್ಮನ್ನು ಕೊನೆಗೆ ತುಂಬಿದೆ. ಕುರ್ಚಿ ಒರೆಸಿ, "ಬರ್ರಿ ಮೇಡಮ್ಮಾರ, ಕುಂದರ್ರಿ" ಎಂದು ನನ್ನನ್ನು ಕೂರಿಸಿದರು. ಎಲ್ಲ ಸರಾಗವಾಗಿ ಹೋಯಿತು. ಬರುವ ವರ್ಷ ಎಷ್ಟು ಜನರಿಗೆ ಕಾಯಂ ನೌಕರಿ ಎಂಬಲ್ಲಿಗೆ ಬಂದಾಗ ಕಾಕಾ, "ಒಂದು" ಎಂದರು.

"ಕಾಕಾ, ನೀವು ರಿಟೈರ್ ಆಗ್ತೀರಲ್ಲ. ಸೊನ್ನಿ ಬರೀಬೇಕು."

"ಒಂದು ಬರಿಯವಾ."

"ಯಾರದು?"

"ಯಾರದು ಅಂತ ಕೇಳೂ ಕಾಲಮ್ ಐತೇನು?"

"ಇಲ್ಲ."

"ಮತ್ತ ಮುಗೀತಲ್ಲ. ಭಾಳ ಓದಿದವರದು ಇದ ಫಜೀತಿ."

ನಾನು ಒಂದು ಎಂದು ಬರೆದೆ. ಮಹಾಂತೇಶನನ್ನು ಕಾಯಂ ಮಾಡುವ ಭರವಸೆ ಯಾರೋ ಕೊಟ್ಟಿರಬೇಕು ಎಂದುಕೊಂಡೆ. ನನ್ನ ಮಾರ್ಗದರ್ಶಕರು ಆ ಕೋಷ್ಟಕ ನೋಡಿ, ಈ ಕಾಲೊನಿಯ ನಿರೀಕ್ಷೆಗಳು ವಾಸ್ತವಕ್ಕಿಂತ ಮೇಲಿವೆ ಎಂದು ಪೆನ್ಸಿಲಿನಲ್ಲಿ ಬರೆದರು. ಆ ವಾಕ್ಯವನ್ನೇ ಇಂಗ್ಲಿಷಿನಲ್ಲಿ ಸ್ವಲ್ಪ ಉದ್ದ ಮಾಡಿ ಉಪಸಂಹಾರಕ್ಕೆ ಹಾಕಿದೆ. ಪ್ರಥಮ ದರ್ಜೆ ಬಂತು.

ಇನ್ನು ಆ ಕಾಗದ. ಮಡಚಿ ಮಡಚಿ ಸವೆದ ಜೆರಾಕ್ಸ್ ಪ್ರತಿ, ಇಂಗ್ಲಿಷಿನಲ್ಲಿ. ಕಾಕಾನಿಗೆ ಇಂಗ್ಲಿಷು ಯಂತ್ರದ ಮೇಲೆ ಬರೆದಷ್ಟು ಮಾತ್ರ ಬರುತ್ತಿತ್ತು. "ಇದೇನು ಬರದಾರ, ಒಂದೊಂದ ಸಾಲು ಹೇಳು" ಎಂದರು. ನನಗೆ ಅಂಥ ಭಾಷೆಯನ್ನು ಬಿಡಿಸಿ ಹೇಳುವುದೆಂದರೆ ಹೆಮ್ಮೆ. ಸೇವೆಯಲ್ಲಿರುವಾಗ ಮರಣ ಹೊಂದಿದ ನೌಕರನ ಅವಲಂಬಿತರಿಗೆ, ಎಂದು ಶುರುಮಾಡಿ ಕನ್ನಡದಲ್ಲಿ ಹೇಳುತ್ತಾ ಹೋದೆ. ಕಾಕಾ ಕೇಳಿದ್ದು ಒಂದೇ. "ಕಡೀ ದಿನದ ತನಕ ನಡೀತೈತಿ?" ನಾನು ಹೌದೆಂದೆ, ಕೊನೆಯ ದಿನದ ಕೊನೆಯ ಗಂಟೆಯವರೆಗೂ ಎಂದು ಒತ್ತಿ ಹೇಳಿದೆ. ಕಾಗದದ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು, ಮುಂದಿನ ಆದೇಶದವರೆಗೆ ಮಾತ್ರ ಜಾರಿ ಎಂದು. ಅದನ್ನು ಓದಲಿಲ್ಲ. ಆದೇಶದ ವರ್ಷವನ್ನೂ ನೋಡಲಿಲ್ಲ.

ನನ್ನನ್ನು ಕಾಡುವುದು ಇದರ ಅನುಕ್ರಮ. ಕಾಗದ ಓದಿದ್ದು ಫಾರ್ಮ್ ತುಂಬಿದ ಮೇಲೆ ಎಂದಾದರೆ, ಆ 'ಒಂದು' ಅವರೇ ಮೊದಲೇ ತೀರ್ಮಾನಿಸಿಕೊಂಡದ್ದು. ಅದಕ್ಕಿಂತ ಮೊದಲು ಎಂದಾದರೆ, ಆ ಅಂಕಿಯನ್ನು ಅವರ ಕೈಗೆ ಕೊಟ್ಟವಳು ನಾನು. ಕೆಲವು ದಿನ ಮೊದಲನೆಯದು ಸರಿ ಅನ್ನಿಸುತ್ತದೆ. ನನಗೆ ಹಿತವಾದದ್ದು ಅದೇ ಆದ್ದರಿಂದ ಅದನ್ನು ನಂಬಲಾರೆ.

ನಿವೃತ್ತಿಗೆ ಏಳು ವಾರ ಇದ್ದಾಗ ಕಾಕಾ ಶೆಡ್ಡಿನಲ್ಲಿ ಕುಸಿದರು. ಪಕ್ಕದ ಯಂತ್ರ ನಿಲ್ಲಿಸಿ ಮಹಾಂತೇಶ ಹಿಡಿದುಕೊಂಡ. ಆಸ್ಪತ್ರೆ ಮುಟ್ಟುವ ಮೊದಲೇ ಮುಗಿದಿತ್ತು. ಬಿ.ಪಿ. ಹೆಚ್ಚಾಗಿ ಮೆದುಳಿನಲ್ಲಿ ರಕ್ತಸ್ರಾವ ಎಂದರು. ನಾನು ತಾರ್ನಾಕದಿಂದ ಬಂದು ಚಪ್ಪಲಿ ಬಿಡುತ್ತಿದ್ದಾಗ ಬೆನ್ನ ಹಿಂದೆ ಯಾರೋ ಆ ಪ್ರಶ್ನೆ ಕೇಳಿದರು. ಇನ್ಯಾರೋ ಏಳು ವಾರ ಎಂದರು. ಕೇಳಿದವರು ಉಸಿರು ಬಿಟ್ಟಿದ್ದು ನನಗೆ ಕೇಳಿಸಿತು.

ಹದಿನೈದು ದಿನ ಬಿಟ್ಟು ಮಹಾಂತೇಶನ ಜೊತೆ ಕಚೇರಿಗೆ ಹೋದೆ, ಇಂಗ್ಲಿಷು ಬಲ್ಲವಳೆಂದು. ಅಧಿಕಾರಿ ಒಳ್ಳೆಯ ಮನುಷ್ಯ. ಕುಡಿಯಲು ನೀರು ಕೊಟ್ಟು, ಜೆರಾಕ್ಸನ್ನು ಒಮ್ಮೆ ನೋಡಿ, ಹಿಂದಿಯಲ್ಲಿ ಹೇಳಿದರು. "ಇದು ನಿಂತು ಎಷ್ಟೋ ವರ್ಷ ಆಯಿತಮ್ಮ. ಈಗ ಒಂದಿಷ್ಟು ದುಡ್ಡು ಕೊಡ್ತೀವಿ ಅಷ್ಟೆ. ಕಾಲೊನಿಯವರು ಇನ್ನೂ ಈ ಕಾಗದ ಹಿಡ್ಕೊಂಡು ಬರ್ತಾರೆ."

"ಯಾದಗಿರಿಯ ಮಗನಿಗೆ ಸಿಕ್ತಲ್ಲ ಸಾರ್?" ಮಹಾಂತೇಶ ಕೇಳಿದ.

"ಅವನೂ ನಮ್ಮ ಇನ್ನೊಂದು ಕಾರ್ಖಾನೆಯಲ್ಲಿ ಗುತ್ತಿಗೆಯಲ್ಲೇ ಇದಾನೆ. ಮನೆಯವರು ಹೊರಗೆ ಹೇಳಿಕೊಂಡಿಲ್ಲ."

ಹೊರಗೆ ಬಂದ ಮೇಲೆ ಮಹಾಂತೇಶ ಜೆರಾಕ್ಸನ್ನು ಮಡಚಿ ಜೇಬಿಗಿಟ್ಟುಕೊಂಡು, ನನ್ನನ್ನು ಸ್ಟೇಷನ್ನಿನವರೆಗೆ ಬಿಟ್ಟುಹೋದ. ಬೈದಿದ್ದರೆ ಒಳ್ಳೆಯದಿತ್ತು.

ಕ್ವಾರ್ಟರ್ಸ್ ಖಾಲಿ ಮಾಡುವ ದಿನ ಕಾಕಾನ ಟ್ರಂಕಿನಲ್ಲಿ, ಸ್ವೆಟರಿನ ಕೆಳಗೆ, ಕಾರ್ಖಾನೆಯ ದವಾಖಾನೆ ತಿಂಗಳು ತಿಂಗಳು ಕೊಡುತ್ತಿದ್ದ ಬಿ.ಪಿ. ಗುಳಿಗೆಗಳು ಸಿಕ್ಕವು. ಪಟ್ಟಿ ಪಟ್ಟಿಯಾಗಿ, ಒಂದೂ ಒಡೆದಿರಲಿಲ್ಲ. ಮಹಾಂತೇಶ, "ರಿಟೈರ್ ಆದ ಮ್ಯಾಲ ಲೈನಿಗೆ ನಿಲ್ಲೂದು ಬ್ಯಾಡಂತ ಕೂಡಿಟ್ಟಿರಬೇಕು. ಹೆಚ್ಚಿಗಿ ಇಸ್ಕೊಳ್ಳಾಕ ಅಪ್ಪ ಶಾಣ್ಯಾ ಇದ್ದ" ಎಂದ. ಇರಬಹುದು. ಹಳೆಯ ಮೊಳೆಗಳನ್ನೂ ಎಸೆಯದೆ ಕೂಡಿಡುವ ಮನುಷ್ಯ ಅವರು. ಕಾಕು ಮಾತ್ರ ಪಟ್ಟಿಗಳನ್ನು ನೋಡಿ ಬೆರಗಾಗಲಿಲ್ಲ. ಸೀರೆಯ ತುಂಡಿನಲ್ಲಿ ಕಟ್ಟಿ ತಮ್ಮ ಗಂಟಿಗೆ ಸೇರಿಸಿಕೊಂಡರು. ಬೆರಗಾಗಲಿಲ್ಲ ಎಂಬುದೂ ನನ್ನ ನೆನಪೇ. ಅಷ್ಟು ಸಾಮಾನಿನ ನಡುವೆ ಯಾರ ಮುಖ ಯಾರು ನೋಡಿದ್ದರು?

ಈಗ ಮಹಾಂತೇಶ ಮಾದಾಪುರದಲ್ಲಿ ಕ್ಯಾಬ್ ಓಡಿಸುತ್ತಾನೆ, ಮಾಲೀಕ ಬೇರೆಯವನು. ಅವನದೂ ಕಾಕುವಿನದೂ ಎರಡು ಕೋಣೆಯ ಮನೆ, ಲಿಂಗಂಪಲ್ಲಿ ಸ್ಟೇಷನ್ನಿನ ಹಿಂದೆ. ಇಷ್ಟು ವರ್ಷ ನಾನು ಅಲ್ಲಿಗೆ ಹೋಗಿ ಉಂಡು ಬರುತ್ತಿದ್ದೆ, ಕೇಳಬೇಕಾದದ್ದನ್ನು ಕೇಳದೆ. ಸರ್ವೆ ಹುಡುಗಿಗೆ ಸೊನ್ನೆ ಎಂದು ಉತ್ತರ ಕೊಟ್ಟು ಬಾಗಿಲು ಹಾಕಿಕೊಂಡ ಮೇಲೆ, ಇನ್ನು ಕೇಳದೆ ಇರಲಾರೆ ಅನ್ನಿಸಿತು.

ಭಾನುವಾರ ಹೋದೆ. ಮಹಾಂತೇಶ ಕೆಲಸಕ್ಕೆ ಹೋಗಿದ್ದ. ಕಾಕು ಮಂಚದ ಮೇಲೆ ಕೂತು ಮೆಂತ್ಯೆ ಸೊಪ್ಪು ಸೋಸುತ್ತಿದ್ದರು. ನಿನ್ನ ನೌಕರಿ ಕಾಯಂ ಆತೇನವಾ ಎಂದು ಎಂದಿನಂತೆ ಕೇಳಿದರು. ಇಲ್ಲ ಎಂದೆ. ಆಗಲಿ ಬಿಡು, ಆಗ್ತೈತಿ ಎಂದರು. ನಾನೂ ಸೊಪ್ಪು ತೆಗೆದುಕೊಂಡು ಸೋಸತೊಡಗಿದೆ. ಕಟ್ಟು ಅರ್ಧವಾಗುವ ಹೊತ್ತಿಗೆ ಕಾಗದದ ವಿಷಯ, ಓದದೆ ಬಿಟ್ಟ ಸಾಲಿನ ವಿಷಯ ಎಲ್ಲ ಹೇಳಿದೆ. ಕಾಕು ಸೊಪ್ಪು ಸೋಸುತ್ತಲೇ ಇದ್ದರು. ಆಮೇಲೆ ಕೇಳಬೇಕಾದದ್ದನ್ನು ಕೇಳಿದೆ. ಕಾಕು ಎದ್ದು, ಸೋಸಿದ ಸೊಪ್ಪನ್ನು ಒಳಗೊಯ್ದು, ನಳ ಬಿಟ್ಟು ಬಹಳ ಹೊತ್ತು ತೊಳೆದರು. ಬಂದು ಊಟಕ್ಕೆ ಬಡಿಸಿದರು. ನಾನು ಕೇಳಿದ್ದು ಇಷ್ಟೆ.

"ಕಾಕು, ಕಾಕಾ ಗುಳಿಗಿ ನುಂಗೂದು ಬಿಟ್ಟಿದ್ದು ನಿಮಗ ಗೊತ್ತಿತ್ತೇನ್ರಿ?"