ಮೋರಟಗಿ ದಾರಿಯ ಮಳೆ ಪುಸ್ತಕ

ವಿಜಾಪುರದಿಂದ ಇಂಡಿಗೆ ಹೊರಟ ಬೆಳಗಿನ ಬಸ್ಸಿನಲ್ಲಿ ನನಗೆ ಸಿಕ್ಕಿದ್ದು ಹಿಂದಿನ ಗಾಲಿಯ ಮೇಲಿನ ಸೀಟು. ತೊಡೆಯ ಮೇಲೆ ಕಾಗದದ ಕಟ್ಟು, ಕಾಲ ಬಳಿ ಯಾರದೋ ಶೇಂಗಾ ಚೀಲ. ಹವಾಮಾನ ಬದಲಾವಣೆಯನ್ನು ಎದುರಿಸಲು ದಿಲ್ಲಿ ಸರ್ಕಾರ ರಾಷ್ಟ್ರೀಯ ಕ್ರಿಯಾ ಯೋಜನೆ ಪ್ರಕಟಿಸಿದ ವರ್ಷದ ಡಿಸೆಂಬರ್ ಅದು. ಬಿಸಿಲಿನಿಂದ ಕರೆಂಟು, ಕಾಡು, ಬೇಸಾಯ, ನೀರು ಎಲ್ಲಕ್ಕೂ ಅದರಲ್ಲಿ ಜಾಗವಿತ್ತು. ನೀರಿನ ಭಾಗಕ್ಕೆ ವಿಜಾಪುರ ಜಿಲ್ಲೆಯಿಂದ ಒಂದು ವರದಿ ಹೋಗಲಿ ಎಂದು ಧಾರವಾಡದ ನಾವು ಐದಾರು ಜನ ನಿವೃತ್ತ ಮಾಸ್ತರರು ಟೊಂಕ ಕಟ್ಟಿ ನಿಂತಿದ್ದೆವು. ಯಾವ ಊರಿನ ಮಳೆಯ ದಾಖಲೆ ಗಟ್ಟಿಯಾಗಿದೆಯೋ ಆ ಊರಿನ ಕೆರೆ, ಬದುಗಳ ಕೆಲಸವನ್ನು ಮೊದಲು ಸೂಚಿಸುವುದೆಂದು ನಿಯಮ ಮಾಡಿಕೊಂಡಿದ್ದೆವು. ನಾಲ್ಕು ತಾಲ್ಲೂಕು ಸುತ್ತಿ ಊರವರು ದಿನದಿನದ ಮಳೆ ಅಳೆದು ಬರೆದಿಟ್ಟ ಪುಸ್ತಕಗಳನ್ನು ಕಣ್ಣಾರೆ ನೋಡುವ ಕೆಲಸ ನನ್ನ ತಲೆಗೆ ಬಂತು. ನಾನು ಭೂಗೋಳ ಕಲಿಸಿದವನು, ಮೇಲಾಗಿ ತಪ್ಪು ಹಿಡಿಯುವುದರಲ್ಲಿ ಹೆಸರಾದವನು.

ಇಂಡಿಯಲ್ಲಿ ಇಳಿದಾಗ ನಿಲ್ದಾಣದ ತುಂಬ ನಿಂಬೆಹಣ್ಣಿನ ವಾಸನೆ. ಹತ್ತಿರದ ಲಚ್ಯಾಣ ಎಂಬ ಊರಿಗೆ ಹೋಗಿ ನೋಡಿದ ಪುಸ್ತಕ ಅಚ್ಚುಕಟ್ಟಾಗಿತ್ತು. ಮಧ್ಯಾಹ್ನ ಖಾನಾವಳಿಯಲ್ಲಿ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿಪುಡಿ ತಿಂದು ಸಿಂದಗಿಗೆ ಬಂದು ಉಳಿದೆ. ದಾರಿಯುದ್ದಕ್ಕೂ ಎರೆ ಹೊಲದಲ್ಲಿ ಬಿಳಿಜೋಳ ಎದೆಮಟ್ಟ ನಿಂತಿತ್ತು. ಮನಸ್ಸು ಮಾತ್ರ ಹಗುರವಿರಲಿಲ್ಲ, ಮರುದಿನ ಒಬ್ಬರಿಗೆ ಬೇಡವಾದ ಸುದ್ದಿ ಹೇಳುವುದಿತ್ತು.

ಮೋರಟಗಿಯ ಆಚೆ ಒಂದು ಸಣ್ಣ ಊರಿನಿಂದ ನೀಲಮ್ಮ ಎಂಬ ರೈತ ಮಹಿಳೆ ತಮ್ಮ ಮಳೆ ಪುಸ್ತಕದ ಝೆರಾಕ್ಸ್ ಕಳಿಸಿದ್ದರು. ಹದಿನೆಂಟು ವರ್ಷದ ಪುಸ್ತಕ. ಆದರೆ ದಿನಕ್ಕೊಂದರಂತೆ ಗೆರೆ ಎಳೆದಿದ್ದ ಮನೆಗಳಲ್ಲಿ ಹೆಚ್ಚಿನವು ಖಾಲಿ. ಮಳೆ ಬಾರದ ದಿನ ಸೊನ್ನೆ ಬರೆಯಬೇಕು, ಖಾಲಿ ಬಿಟ್ಟರೆ ಅಂದು ಯಾರೂ ನೋಡಲೇ ಇಲ್ಲವೆಂದು ಅರ್ಥ. ಅದರ ಮೇಲೆ ನಾನೇ ಕೆಂಪು ಪೆನ್ಸಿಲ್ಲಿನಲ್ಲಿ 'ನಂಬಲು ಬಾರದು' ಎಂದು ಬರೆದಿದ್ದೆ. ಈ ಮಾತನ್ನು ಅಂಚೆಯಲ್ಲಿ ಹೇಳುವುದು ಹೇಡಿತನ ಅನಿಸಿ, ಮುಖ ಕಂಡು ಹೇಳಲು ಹೊರಟಿದ್ದೆ.

ಮೋರಟಗಿಯಲ್ಲಿ ಇಳಿದು ಎರಡು ಮೈಲಿ ನಡೆದೆ. ನೀಲಮ್ಮನವರಿಗೆ ಐವತ್ತೈದರ ಆಸುಪಾಸು, ಮಾತು ಚುರುಕು. ಅವರ ಮಾವ ಅಂಗಳದಲ್ಲಿ ನೆಡಿಸಿದ ಮಳೆಯಳೆಯುವ ತಗಡಿನ ಡಬ್ಬಿಗೆ ಮುಳ್ಳಿನ ಬೇಲಿ ಹಾಕಿದ್ದರು. ಕೆಲಸದ ಮಾತೆತ್ತಲು ಬಿಡದೆ ರೊಟ್ಟಿ, ಬದನೆಕಾಯಿ ಎಣಗಾಯಿ ಬಡಿಸಿದರು. ಉಪ್ಪು ತಿಂದ ಮೇಲೆ ಹೇಳುವುದು ಇನ್ನೂ ಕಷ್ಟವಾಯಿತು. ಆದರೂ ಕೈ ತೊಳೆದು, ಈ ಪುಸ್ತಕ ವರದಿಯಲ್ಲಿ ಸೇರುವುದಿಲ್ಲ, ಹಾಗಾಗಿ ನಿಮ್ಮೂರಿನ ಕೆರೆಯ ಹೂಳು ತೆಗೆಸುವ ಸೂಚನೆಯೂ ಹೋಗುವುದಿಲ್ಲ ಎಂದೆ.

ಅವರ ಮುಖ ಕಪ್ಪಿಟ್ಟಿತು. ಒಳಗೆ ಹೋಗಿ ಅಸಲು ಪುಸ್ತಕ ತಂದು ನನ್ನ ಮುಂದೆ ಬಿಚ್ಚಿದರು.

ಕನ್ನಡಕ ಏರಿಸಿ ಕಿಟಕಿಯ ಬೆಳಕಿಗೆ ಹಿಡಿದೆ. ಆ ಹಾಳೆಯಲ್ಲಿ ಖಾಲಿ ಎಂದುಕೊಂಡಿದ್ದ ಒಂದೊಂದು ಮನೆಯಲ್ಲೂ ಸಾಸಿವೆಯಷ್ಟು ಹಳದಿ ಚುಕ್ಕೆ! ಅರಿಷಿಣ. ಝೆರಾಕ್ಸ್ ಯಂತ್ರ ಆ ತಿಳಿಹಳದಿಯನ್ನು ಹಿಡಿದಿರಲೇ ಇಲ್ಲ.

"ಹೊಸ್ತಿಲ ಪೂಜಿ ಮಾಡಿ ಬಂದು ಡಬ್ಬಿ ನೋಡ್ತೇನಿ. ಮಳಿ ಇದ್ರ ಅಂಕಿ ಬರೀತೇನಿ, ಇಲ್ಲಂದ್ರ ಅರಿಷಿಣದ ಬಟ್ಟ ಒತ್ತತೇನಿ," ಎಂದರು.

ಸೊನ್ನೆ ಏಕೆ ಬರೆಯಲಿಲ್ಲ ಎಂದು ಕೇಳಿದೆ.

"ದೀಪ ಆರಿತು ಅಂತ ಬಾಯಿಂದ ಅಂತೇವೇನ್ರಿ? ಮಳಿಗೆ ಸೊನ್ನಿ ಅಂತ ನನ್ನ ಕೈಯಾರೆ ಹ್ಯಾಂಗ ಬರೀಲಿ?"

ಆದರೂ ನನ್ನೊಳಗಿನ ಮಾಸ್ತರ ಸುಮ್ಮನಿರಲಿಲ್ಲ. ಹಾಳೆ ತಿರುವುತ್ತ ಹೋದೆ. ಒಂದು ಕಡೆ ಸಾಲಾಗಿ ಮೂರು ಮನೆಗಳಲ್ಲಿ ಅಂಕಿಯೂ ಇಲ್ಲ, ಚುಕ್ಕೆಯೂ ಇಲ್ಲ. ಸಿಕ್ಕಿತು ಎಂದುಕೊಂಡು ಬೆರಳಿಟ್ಟೆ.

"ನಮ್ಮತ್ತಿ ತೀರಿಕೊಂಡ ದಿನಗೋಳ್ರಿ ಅವು," ಎಂದರು ನೀಲಮ್ಮ. "ಆ ಮೂರು ದಿನ ಡಬ್ಬಿ ಯಾರೂ ನೋಡಿಲ್ಲ. ನೋಡದನ ಬಟ್ಟ ಹ್ಯಾಂಗ ಒತ್ತಲಿ?"

ನನಗೆ ನಾಚಿಕೆಯಾಯಿತು. ನನ್ನ ಅರ್ಧ ವಿದ್ಯಾರ್ಥಿಗಳು ಮನೆಯಲ್ಲೇ ಕೂತು ಅಂದಾಜಿಗೆ ಉಷ್ಣಾಂಶ ಬರೆದು ತರುತ್ತಿದ್ದರು, ನಾನು ಅದಕ್ಕೆ ಅಂಕ ಕೊಡುತ್ತಿದ್ದೆ. ಅಂದೂ ಮರುದಿನವೂ ಅಲ್ಲೇ ಉಳಿದು ವರ್ಷ ವರ್ಷದ ಚುಕ್ಕೆಗಳನ್ನು ಎಣಿಸಿ ನನ್ನ ವಹಿಯಲ್ಲಿ ಬರೆದುಕೊಂಡೆ. ಸೊನ್ನೆಗಳು ನನ್ನ ವಹಿಯಲ್ಲಿರಲಿ, ಅವರ ಪುಸ್ತಕದಲ್ಲಿ ಬೇಡ ಎಂದು ಒಪ್ಪಂದವಾಯಿತು.

ಮುದ್ದೇಬಿಹಾಳಕ್ಕೆ ತಾಳಿಕೋಟೆಯ ಮೇಲೆ ಹೋದೆ. ರಸ್ತೆ ಕೆಟ್ಟಿತ್ತು, ಬಸ್ಸಿನ ಗಾಜು ಒಂದೇ ಸಮನೆ ಗಲಗಲ ಎನ್ನುತ್ತಿತ್ತು, ಧೂಳಿಗೆ ತಲೆ ಬೆಳ್ಳಗಾಯಿತು, ಅದು ಮೊದಲೇ ಬೆಳ್ಳಗಿತ್ತು ಅನ್ನಿ. ಅಲ್ಲಿನ ಪುಸ್ತಕ ನೋಡಿ ಸಹಿ ಹಾಕಿ, ಮರುದಿನ ಹತ್ತು ಗಂಟೆಗೆಲ್ಲ ಬಸವನ ಬಾಗೇವಾಡಿ ತಲುಪಿದೆ. ಚಳಿ ಬಿಟ್ಟು ಎಳೆಬಿಸಿಲು ಹಿತವಾಗಿತ್ತು. ಅಲ್ಲಿನ ಪುಸ್ತಕವನ್ನೂ ನೋಡಿ ಮುಗಿಸಿ, ನಿಲ್ದಾಣದ ಎದುರಿನ ಫೋನ್ ಅಂಗಡಿಯಿಂದ ಧಾರವಾಡಕ್ಕೆ ಮಾತಾಡಿದೆ. ನಮ್ಮ ಗುಂಪಿನ ಹಿರಿಯರು ಅರಿಷಿಣದ ಕತೆ ಕೇಳಿ ಮೊದಲು ನಕ್ಕರು. ಮೂರು ಖಾಲಿ ಮನೆಗಳ ವಿಷಯ ಹೇಳಿದಾಗ ಅದನ್ನು ಇನ್ನೊಮ್ಮೆ ಹೇಳಿಸಿಕೊಂಡರು. ಆಮೇಲೆ, ಸಾಕ್ಷಿ ಎಂದು ನಾನು ಸಹಿ ಹಾಕುವುದಾದರೆ ಆ ಊರನ್ನು ಮೊದಲ ಪಟ್ಟಿಯಲ್ಲೇ ಸೇರಿಸೋಣ ಎಂದರು. ಅಲ್ಲೇ ನಿಂತು ಕೆಂಪು ಬರಹ ಹೊಡೆದುಹಾಕಿ, ಕೆಳಗೆ ನನ್ನ ಪೂರ್ತಿ ಹೆಸರು ಬರೆದೆ. ದಿಲ್ಲಿಯ ಯೋಜನೆಯಲ್ಲಿ ಎಷ್ಟು ನಡೆಯುತ್ತದೋ ನಾನು ಕಾಣೆ. ಆದರೆ ಇಂಥವರ ಪುಸ್ತಕ ಅದರ ಬುಡಕ್ಕೆ ಬಿದ್ದರೆ ಏನಾದರೂ ಚಿಗುರೀತು ಎಂಬ ಆಸೆ ಅಂದು ಬಲವಾಗಿ ಹುಟ್ಟಿತು.

ನೀಲಮ್ಮನವರ ಮಗನ ಮೊಬೈಲಿಗೆ ಫೋನ್ ಮಾಡಿ ಅವರನ್ನೇ ಕರೆಸಿ ಸುದ್ದಿ ಹೇಳಿದೆ.

"ಹಂಗಾದ್ರ ಒಂದು ಮಾತು ಕೇಳ್ತೇನಿ ಸರ," ಎಂದರು. "ಮಗಳು ಇಂಡಿ ಕಡೆ ಹೊರ್ತಿಯಾಗ ಇರ್ತಾಳ. ಅಕಿ ಮದಿವಿ ಆದಾಗಿಂದ ನಾ ಆ ಮನ್ಯಾಗ ಒಂದು ರಾತ್ರಿ ಉಳಿದಿಲ್ಲ, ಮುಂಜಾನಿ ಎಂಟೂವರಿಗೆ ಡಬ್ಬಿ ನೋಡೂದಿರತೈತಿ. ನಮ್ಮ ಮನ್ಯಾಗಿನವರು ಅಂದಾಜಿಲೆ ಬರದ ಬಿಡ್ತಾರ. ನೀವು ತಪ್ಪು ಹಿಡಿಯವ್ರು. ಎರಡ ದಿನ ಬಂದು ನೋಡ್ತೀರೇನು? ನಾ ಹೋಗಿ ಬರ್ತೇನಿ."

ಇಷ್ಟು ವರ್ಷದ ನೌಕರಿಯಲ್ಲಿ ಯಾರೂ ನನ್ನನ್ನು ಇಷ್ಟು ನಂಬಿರಲಿಲ್ಲ. ಹೂಂ ಎಂದೆ.

ಎದುರಿಗೆ ವಿಜಾಪುರದ ಬಸ್ಸು ನಿಂತಿತ್ತು, ಕಿಟಕಿ ಬದಿಯ ಸೀಟೂ ಖಾಲಿಯಿತ್ತು. ಅದನ್ನು ದಾಟಿ ಹೋಗಿ ಸಿಂದಗಿ ಬಸ್ಸು ಎಷ್ಟು ಹೊತ್ತಿಗೆ ಎಂದು ವಿಚಾರಿಸಿದೆ. ಮರುದಿನ ಮುಂಜಾನೆ ಎಂಟೂವರೆಗೆ ನಾನು ಆ ಅಂಗಳದಲ್ಲಿರಬೇಕಿತ್ತು.