ಕೇಳಿ ತೆಗೆದ ಬಂಗಾರ

ಡಾಕ್ಟರ್ ಆಂಟಿಯ ಉಗುರುಗಳ ಸಂದಿಯಲ್ಲಿ ಸದಾ ಕಪ್ಪು ಮರಳು ಇರುತ್ತಿತ್ತು. ಜೀವಮಾನವಿಡೀ ಮಕ್ಕಳ ಗಂಟಲು, ಕಿವಿ ನೋಡಿ ನಿವೃತ್ತರಾದ ಹೆಂಗಸಿನ ಕೈ ಅದು. ನಾವು ಅಮೆರಿಕದ ಏಪೆಕ್ಸ್ ಎಂಬ ಊರಿಗೆ ಬಂದ ಹೊಸದರಲ್ಲಿ, ಎದುರು ಮನೆಯವರು ಕನ್ನಡದವರೆಂದು ತಿಳಿದು ಖುಷಿಯಿಂದ ಓಡಿಹೋದರೆ, ಅವರು ಅದೇ ಕೈಯಲ್ಲಿ ಅವಲಕ್ಕಿ ಕಲಸಿ ಕೊಟ್ಟರು. ನಾನು ಮುಖ ಕಿವುಚಿದ್ದು ಅವರಿಗೆ ಕಂಡಿರಬೇಕು.

"ಹೊಲಸಲ್ಲವ್ವಾ ಅದು, ಹಳ್ಳದ ಉಸುಕು. ಬಂಗಾರ ಅದರಾಗ ಕೂಡತದ. ಎಷ್ಟು ತಿಕ್ಕಿದರೂ ಹೋಗಂಗಿಲ್ಲ. ತಿನ್ನು, ಏನೂ ಆಗಂಗಿಲ್ಲ."

ಅವರು ಗದಗಿನ ಕಡೆಯವರು. ಕಪ್ಪತಗುಡ್ಡದ ಹಳ್ಳಗಳಲ್ಲಿ ಮಳೆಗಾಲ ಮುಗಿದ ಮೇಲೆ ಜಲಗಾರರು ಮರದ ಮರಿಗೆ ಹಿಡಿದು ಮರಳು ತೊಳೆದು ಬಂಗಾರ ತೆಗೆಯುವುದನ್ನು ಚಿಕ್ಕಂದಿನಲ್ಲಿ ನೋಡುತ್ತ ಕೂರುತ್ತಿದ್ದರಂತೆ. ಆ ಚಾಳಿ ಅಮೆರಿಕದವರೆಗೂ ಬಂದಿತ್ತು. ಮರಿಗೆಯ ಬದಲು ಹಸಿರು ಪ್ಲಾಸ್ಟಿಕ್ಕಿನ ತಟ್ಟೆ, ಅಷ್ಟೆ.

ರಜೆ ಬಂತೆಂದರೆ ನಾವೆಲ್ಲ ಬೀಚಿಗೆ ಹೊರಟರೆ ಆಂಟಿ ಗುಡ್ಡದ ಕಡೆ ಹೊರಡುತ್ತಿದ್ದರು. ಹೊರಡುವ ಮುಂಚೆ ಫೋನಿನ ಮುಂದೆ ಪಟ್ಟಾಗಿ ಕೂರುತ್ತಿದ್ದರು. ನ್ಯಾಷನಲ್ ಪಾರ್ಕಿನಲ್ಲಿ ಒಂದು ಕಲ್ಲನ್ನೂ ಎತ್ತುವಂತಿಲ್ಲ. ಸರ್ಕಾರಿ ಕಾಡಿನಲ್ಲಿ ಕೆಲವು ಹಳ್ಳಗಳಲ್ಲಿ ಕೈತಟ್ಟೆಯಿಂದ ತೊಳೆಯಬಹುದು, ಯಂತ್ರ ಇಳಿಸುವಂತಿಲ್ಲ. ಮಿಕ್ಕಿದ್ದೆಲ್ಲ ಯಾರದೋ ಜಮೀನು. ಅದಕ್ಕೆ ಕಾಡಿನ ಕಚೇರಿಗೆ ಫೋನ್ ಮಾಡಿ, ಯಾವ ಹಳ್ಳ, ಯಾವ ಸೇತುವೆಯಿಂದ ಯಾವ ಸೇತುವೆಯವರೆಗೆ ಎಂದು ಕೇಳಿಕೊಳ್ಳುತ್ತಿದ್ದರು. ಜಮೀನಾದರೆ ಬಾಗಿಲು ತಟ್ಟುತ್ತಿದ್ದರು. ಆ ಕಡೆಯ ಹಳ್ಳಿಗಳಲ್ಲಿ ಸೀರೆಯ ಮೇಲೆ ರಬ್ಬರ್ ಬೂಟು ಹಾಕಿದ ಮುದುಕಿ ಬಂದು ಬಾಗಿಲು ತಟ್ಟಿದರೆ ಜನ ಗಾಬರಿಯಾಗುವುದು ಸಹಜ. ಒಬ್ಬ ನಾಯಿ ಬಿಟ್ಟನಂತೆ. ಆಂಟಿ ಅದಕ್ಕೂ ಅವಲಕ್ಕಿ ಹಾಕಿ ಬಂದರಂತೆ.

ನನಗೆ ಇದು ಹುಚ್ಚು ಅನ್ನಿಸುತ್ತಿತ್ತು. ಒಮ್ಮೆ ಅವರನ್ನು ಕೂರಿಸಿಕೊಂಡು ಗುಡ್ಡದ ಕಡೆ ಡ್ರೈವ್ ಮಾಡುವಾಗ ಕೇಳಿಯೇಬಿಟ್ಟೆ. ಅದಾಗಲೇ ಅವರಿಗೆ ಕ್ಯಾನ್ಸರ್ ಎಂದು ಗೊತ್ತಾಗಿತ್ತು.

"ನಮ್ಮವ್ವ ಸತ್ತಾಗ ಬಾಯಿಗೆ ಹಾಕಲಿಕ್ಕೆ ಮನ್ಯಾಗ ಚೂರು ಬಂಗಾರ ಇರಲಿಲ್ಲ," ಎಂದರು. "ನಮ್ಮತ್ತಿ ತನ್ನ ಸರದಾಗಿನ ಗುಂಡು ಬಿಚ್ಚಿ ಕೊಟ್ಟಳು. ಆಮ್ಯಾಲ ಸಾಯೂತನಕ ಕಂಡಕಂಡವರ ಮುಂದ ಅದನ್ನ ಆಡಿಕೊಂಡಳು. ಹೇಸಿಗಿ ಬಂದುಬಿಡ್ತವ್ವಾ ನನಗ. ನನ್ನ ಬಾಯಿಗೆ ನಾನ ತೆಗೆದದ್ದು ಬೇಕು. ಕೇಳಿ ತೆಗೆದದ್ದು. ಒಂದ ಚೂರು ಸಾಕು."

ಆ ಸಲ ಹೊರಟಿದ್ದು ಜುಲೈ ನಾಲ್ಕರ ಸ್ವಾತಂತ್ರ್ಯ ದಿನದ ಉದ್ದ ವಾರಾಂತ್ಯಕ್ಕೆ. ನಾಲ್ಕಾರು ಕನ್ನಡದ ಸಂಸಾರಗಳು ಸೇರಿ ಗುಡ್ಡದಲ್ಲಿ ಒಂದು ದೊಡ್ಡ ಮನೆ ಬಾಡಿಗೆಗೆ ಹಿಡಿದಿದ್ದೆವು. ನಮ್ಮ ಗುಂಪಿಗೊಬ್ಬ ಕ್ಯಾಪ್ಟನ್ ಇದ್ದ. ಯಾರೂ ಆರಿಸಿದ್ದಲ್ಲ, ತಾನೇ ಆದವನು. ವಾಟ್ಸಾಪ್ ಗುಂಪುಗಳು ಆಗತಾನೇ ಶುರುವಾಗಿದ್ದ ಕಾಲ. ಪುಳಿಯೋಗರೆ ಡಬ್ಬಿ ತೆರೆದರೂ ಅವನಿಗೆ ಅದರ ಫೋಟೋ ಬೇಕು. ಅವನ ಹೆಸರು ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ.

ಮೊದಲ ದಿನ ಅವನು ನಮ್ಮನ್ನೆಲ್ಲ ರಸ್ತೆ ಬದಿಯ ಒಂದು 'ಚಿನ್ನದ ಗಣಿ'ಗೆ ಕರೆದೊಯ್ದ. ಗಣಿಯೆಂದರೆ ಮರದ ಕಾಲುವೆ, ಅದರಲ್ಲಿ ಹರಿಯುವ ನೀರು, ಪಕ್ಕದಲ್ಲಿ ಬಕೆಟ್‌ಗಟ್ಟಲೆ ಮಾರಾಟಕ್ಕಿಟ್ಟ ಮಣ್ಣು. ಎಲ್ಲರ ಬಕೆಟ್ಟಿನಲ್ಲೂ ಚಿನ್ನ ಸಿಕ್ಕಿತು! ಮಕ್ಕಳು ಕುಣಿದರು. ದೊಡ್ಡವರೂ ಕುಣಿದರು, ನಾಚಿಕೆಯಿಲ್ಲದೆ. ಆಂಟಿ ತಟ್ಟೆಯೊಳಗೆ ಒಮ್ಮೆ ಇಣುಕಿ, "ಇದನ್ನ ಅವರ ಹಾಕ್ಯಾರ. ಅಂಗಡಿಯಾಗಿನ ಆಟ," ಎಂದು ಹೇಳಿ ಹೋಗಿ ಕಾರಿನಲ್ಲಿ ಕೂತರು.

ವಾಪಸು ಬರುವಾಗ ಪಾರ್ಕಿನೊಳಗೆ ಒಂದು ಹಳ್ಳ ಸಿಕ್ಕಿತು. ಏನನ್ನೂ ಅಗೆಯಬಾರದೆಂಬ ಫಲಕ ಅಲ್ಲೇ ಇತ್ತು.

"ಆಂಟಿ, ಇಲ್ಲೇ ಟ್ರೈ ಮಾಡಿ. ಯಾರು ನೋಡ್ತಾರೆ?" ಎಂದ ಕ್ಯಾಪ್ಟನ್. ಗ್ರೀನ್ ಕಾರ್ಡಿಗೆ ಕಾಯುತ್ತ, ಪೊಲೀಸ್ ಕಾರು ಕಂಡರೆ ಬೆವರುತ್ತಿದ್ದ ಮಹಾಶಯ ಇವನೇ. ಸಿಕ್ಕಿಬಿದ್ದರೆ ಮುದುಕಿ ತಾನೇ ಎಂದು ಲೆಕ್ಕ ಹಾಕಿರಬೇಕು.

"ನೋಡೋರಿಲ್ಲ ಅಂದ್ರ ನಮ್ಮದಾಗ್ತದೇನಪಾ?" ಎಂದರು ಆಂಟಿ.

ಮರುದಿನ ಬೆಳಿಗ್ಗೆ ಅವರು ಮೊದಲೇ ಮಾತಾಡಿಟ್ಟಿದ್ದ ಜಮೀನಿಗೆ ಹೋದೆವು. ಒಡತಿ ಅವರಷ್ಟೇ ವಯಸ್ಸಿನ ಬಿಳಿಯ ಅಜ್ಜಿ. ತಟ್ಟೆಯಿಂದ ಎಷ್ಟು ಬೇಕಾದರೂ ತೊಳೆಯಿರಿ, ದಂಡೆ ಮಾತ್ರ ಅಗೆಯಬೇಡಿ ಎಂದಳು. ಆಂಟಿ ಮೊಣಕಾಲುದ್ದ ನೀರಿನಲ್ಲಿ ಸಣ್ಣ ಸ್ಟೂಲಿನ ಮೇಲೆ ಕೂತು ಮಧ್ಯಾಹ್ನದವರೆಗೂ ತೊಳೆದರು. ಕೊನೆಗೆ ತಟ್ಟೆಯ ಅಂಚಿನಲ್ಲಿ, ಕಪ್ಪು ಮರಳಿನ ಬಾಲದ ತುದಿಗೆ, ಹಳದಿ ಚುಕ್ಕಿಗಳು ನಿಂತವು. ಕುಂಕುಮದ ಪುಡಿಯಷ್ಟು ಸಣ್ಣವು.

"ಒಣ ಬೆರಳಿಂದ ಒತ್ತಿ ಹಿಡೀಬೇಕು, ಅಂಟತದ. ನೀರಿಗೆ ತಾಗಿಸಿದರ ಬಿಡತದ," ಎಂದು ನನಗೆ ತೋರಿಸಿಕೊಟ್ಟು, ತಟ್ಟೆಯನ್ನು ಬಂಡೆಯ ಮೇಲಿಟ್ಟು, ಕೈ ಒರೆಸಲು ಟವೆಲ್ ತರಲೆಂದು ನನ್ನೊಡನೆ ದಂಡೆಗೆ ಹೋದರು.

ನಾವು ಹಿಂದಿರುಗುವಷ್ಟರಲ್ಲಿ ಕ್ಯಾಪ್ಟನ್ ಫೋನ್ ಹಿಡಿದು ವೀಡಿಯೋ ತೆಗೆಯುತ್ತಿದ್ದ. "ಆಂಟಿ, ವಾವ್! ನೋಡಿ, ಎಷ್ಟೊಂದು!"

ತಟ್ಟೆಯಲ್ಲಿ ಹೊಳೆಯುವ ಚೂರುಗಳು ತುಂಬಿದ್ದವು. ಆಂಟಿ ತಟ್ಟೆಯನ್ನು ನೋಡಿದರು, ಆಮೇಲೆ ಅವನನ್ನು ನೋಡಿದರು. ಅವನ ಇನ್ನೊಂದು ಕೈಯಲ್ಲಿ ಹಿಂದಿನ ದಿನ 'ಗಣಿ'ಯಲ್ಲಿ ಸಿಕ್ಕ ಚಿನ್ನ ತುಂಬಿಕೊಟ್ಟಿದ್ದ ಪುಟ್ಟ ಸೀಸೆಯಿತ್ತು, ಖಾಲಿ.

"ಸುಮ್ನೆ, ನಿಮ್ಗೆ ಖುಷಿ ಆಗ್ಲಿ ಅಂತ ಆಂಟಿ. ಗೋಲ್ಡ್ ಗೋಲ್ಡೇ ಅಲ್ವಾ?"

"ಇದರಾಗ ನಂದು ಯಾವುದು, ನಿಂದು ಯಾವುದು, ಈಗ ಯಾರು ಆರಿಸಬೇಕು?" ಎಂದರು. "ಥೂ, ಹೇಸಿಗಿ!" ಎಂದು ತಟ್ಟೆಯನ್ನು ಹಾಗೇ ಹಳ್ಳಕ್ಕೆ ಬೋರಲು ಹಾಕಿಬಿಟ್ಟರು. ಅರ್ಧ ದಿನದ ಅವರ ಬಂಗಾರವೂ ಹೋಯಿತು. ನೀರಿನಿಂದ ಮೇಲೆ ಬರುವಾಗ ನನ್ನ ತೋಳು ಹಿಡಿದುಕೊಂಡ ಅವರ ಕೈ ತಣ್ಣಗಿತ್ತು. ಆ ಮನುಷ್ಯ ಸಂಜೆ ಆ ವೀಡಿಯೋವನ್ನು ಗುಂಪಿಗೆ ಕಳಿಸಿದ. ಎಲ್ಲರೂ ನಕ್ಕರು. ನನಗೆ ಅವರ ಜೊತೆ ಕೂತು ಊಟ ಮಾಡಲು ಮನಸ್ಸಾಗಲಿಲ್ಲ.

ಎಲೆ ಉದುರುವ ಕಾಲಕ್ಕೆ ನಾವಿಬ್ಬರೇ ಮತ್ತೆ ಅದೇ ಜಮೀನಿಗೆ ಹೋದೆವು. ಆಂಟಿಗೆ ನೀರಿಗಿಳಿಯುವ ಶಕ್ತಿ ಇರಲಿಲ್ಲ. ನಾನು ಮರಳು ತುಂಬಿ ತಂದುಕೊಟ್ಟೆ, ಅವರು ದಂಡೆಯಲ್ಲಿ ಟಬ್ಬಿನ ನೀರಲ್ಲಿ ತೊಳೆದರು. ಒಂದು ಚುಕ್ಕಿ ಸಿಕ್ಕಿತು. ಅದನ್ನು ಅಜ್ಜಿಯ ಬಳಿಗೆ ಒಯ್ದು ತೋರಿಸಿ, ಒಯ್ಯಲೇ ಎಂದು ಇನ್ನೊಮ್ಮೆ ಕೇಳಿದರು. ಅಜ್ಜಿ ನಕ್ಕು ತಲೆಯಾಡಿಸಿದಳು. ಅದನ್ನು ಹಾಕಿದ ನೀರಿನ ಸೀಸೆಯನ್ನು ಆಂಟಿ ನನ್ನ ಕೈಗೆ ಕೊಟ್ಟರು.

ಅವರು ಮನೆಯಲ್ಲೇ ತೀರಿಕೊಂಡರು. ಅಟ್ಲಾಂಟಾದಿಂದ ಮಗ ಬಂದಿದ್ದ. ಏಪೆಕ್ಸಿನ ಕನ್ನಡದವರೆಲ್ಲ ಬಂದರು. ಕ್ಯಾಪ್ಟನ್ನೂ ಬಂದ, ಪ್ಲಾಸ್ಟಿಕ್ ಕವರಿನಲ್ಲಿ ಲಕ್ಷ್ಮಿಯ ಚಿನ್ನದ ನಾಣ್ಯ ಹಿಡಿದು. "ಬಾಯಿಗೆ ಗೋಲ್ಡ್ ಬೇಕಲ್ವಾ? ಇದನ್ನ ಟಚ್ ಮಾಡಿಸಿ ಸಾಕು," ಎಂದು ಮಗನಿಗೆ ಕೊಡಹೊರಟ. ಇಲ್ಲೇ ಹುಟ್ಟಿ ಬೆಳೆದ ಮಗ, ಪಾಪ, ಕೈ ಚಾಚಿಯೂ ಬಿಟ್ಟ.

"ಬೇಡ," ಎಂದೆ ನಾನು. ಸೀಸೆ ತೆಗೆದು ನೀರು ಬಸಿದು, ಚುಕ್ಕಿಯನ್ನು ಅವನ ಬೆರಳಿಗೆ ಅಂಟಿಸಿದೆ. ಅವನು ತಾಯಿಯ ತುಟಿಯೊಳಗೆ ಒತ್ತಿದ. ಬಾಯಿ ಒಣಗಿತ್ತು, ಬೆರಳು ಎತ್ತಿದರೆ ಚುಕ್ಕಿ ಬೆರಳಲ್ಲೇ ಇತ್ತು. ಮತ್ತೆ ಒತ್ತಿದ, ಮತ್ತೆ ಅಂಟಿಕೊಂಡೇ ಬಂತು.

"ಬರ್ತಾ ಇಲ್ಲ," ಎಂದ, ಚಿಕ್ಕ ಹುಡುಗನ ಹಾಗೆ ಅಳುತ್ತ. "ಸ್ಟಕ್ ಆಗಿದೆ."

ನಾನು ಆಂಟಿಯ ಬಾಯಿಗೆ ಒಂದು ಉದ್ಧರಣೆ ತುಳಸಿ ನೀರು ಬಿಟ್ಟೆ. "ಈಗ ನೀರಿಗೆ ತಾಗಿಸಿ," ಎಂದೆ. ಚುಕ್ಕಿ ಬಿಟ್ಟಿತು.

ಬಾಗಿಲ ಬಳಿ ಕ್ಯಾಪ್ಟನ್ ನನ್ನನ್ನು ಪಕ್ಕಕ್ಕೆ ಕರೆದ. "ರಿಯಲ್ ಗೋಲ್ಡಾ ಅದು? ಎಲ್ಲಿ ಸಿಕ್ತು? ಲೊಕೇಶನ್ ಕಳಿಸ್ತೀರಾ?"

"ಆ ಅಜ್ಜಿಯ ಹಳ್ಳದಲ್ಲೇ. ಹೋಗಿ ಬಾಗಿಲು ತಟ್ಟಿ ಕೇಳಬೇಕು."

"ಓ, ಕೇಳ್ಬೇಕಾ?" ಎಂದು ಅವನು ಫೋನನ್ನು ಜೇಬಿಗಿಟ್ಟುಕೊಂಡ.

"ಥೂ, ಹೇಸಿಗಿ," ಎಂದೆ. ಮೈಸೂರಿನಲ್ಲಿ ಹುಟ್ಟಿದ ನಾನು ಆ ಮಾತನ್ನು ಹಾಗೆ ಆಡಿದ್ದು ಅದೇ ಮೊದಲು.